ತಾಳವಾಡಿ: ಗಡಿಯೇ ಬಂದು ಮುಟ್ಟಿದ ಊರು

ವಾಚನಾಲಯದ ಮೇಜಿನ ಮೇಲಿರುವ ನಕ್ಷೆಯ ಪುಸ್ತಕವನ್ನು ತೆರೆದು ತಮಿಳುನಾಡಿನ ಪುಟವನ್ನು ನೋಡಿರಿ. ವಾಯವ್ಯ ದಿಕ್ಕಿನಲ್ಲಿ ಈರೋಡು ಜಿಲ್ಲೆಯ ಒಂದು ತುಂಡು ಚಾಮರಾಜನಗರ ಜಿಲ್ಲೆಯ ಮಗ್ಗುಲಿಗೆ ಚಾಚಿಕೊಂಡಿರುವುದು ಕಾಣುತ್ತದೆ. ಅಲ್ಲಿರುವುದೇ ತಾಳವಾಡಿ. ಪೇಟೆಯೇನೋ ಚಿಕ್ಕದು. ಆದರೆ ಗಡಿ ಎಂಬುದು ಹೇಗೆ ಉಂಟಾಗುತ್ತದೆಂದು ತಿಳಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕುವುದು ಕಷ್ಟ.

ಮೊದಲು ನೆಲದ ಮಾತು. ಸತ್ಯಮಂಗಲದಿಂದ ಹೊರಟ ಬಸ್ಸು ಬಣ್ಣಾರಿ ಅಮ್ಮನ ಗುಡಿಯನ್ನು ದಾಟಿದೊಡನೆ ದಿಂಬಂ ಘಾಟಿ. ಇಪ್ಪತ್ತೇಳು ಕಡಿದಾದ ತಿರುವುಗಳು. ಹತ್ತಿ ಮುಗಿಸಿ ಹಾಸನೂರಿನ ಕಡೆಗೆ ಬಂದರೆ ಗಾಳಿಯೇ ಬೇರೆ. ಕಾಡು ಸರಿದ ಮೇಲೆ ರಾಗಿ, ಕೋಸು, ಬೆಳ್ಳುಳ್ಳಿಯ ಹೊಲಗಳು. ಬಸ್ಸಿಗೆ ಹತ್ತಿದವರ ಬಾಯಲ್ಲಿ ಚಾಮರಾಜನಗರದ ಕನ್ನಡ. ಜಿಲ್ಲೆಯ ಕಚೇರಿಗಳಿರುವ ಈರೋಡು ಘಾಟಿಯ ಕೆಳಗೆ ನೂರು ಕಿಲೋಮೀಟರಿಗೂ ದೂರ. ಚಾಮರಾಜನಗರವೋ ಮೂವತ್ತು ಕಿಲೋಮೀಟರಿನೊಳಗೆ, ಅದೂ ಘಾಟಿಯಿಲ್ಲದ ದಾರಿ. ಸಂತೆ, ನೆಂಟಸ್ತನ ಯಾವ ಕಡೆಗೆ ಹರಿದಾವೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಈ ಊರು ಆ ರಾಜ್ಯಕ್ಕೆ ಸೇರಿದ್ದು ಹೇಗೆ? ಘಾಟಿಯ ಕೆಳಗಿನ ಸೀಮೆಯೂ ಒಂದು ಕಾಲಕ್ಕೆ ಮೈಸೂರಿನದೇ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನು ಗಜ್ಜಲಹಟ್ಟಿ ಕಣಿವೆಯಿಂದಿಳಿದು ಸತ್ಯಮಂಗಲದ ಬಳಿ ಇಂಗ್ಲಿಷರ ದಂಡನ್ನು ಹಿಮ್ಮೆಟ್ಟಿಸಿದನು. 1799ರಲ್ಲಿ ಅವನು ಮಡಿದ ಮೇಲೆ ಕೊಯಮತ್ತೂರು ಸೀಮೆ ಕಂಪನಿಯ ಪಾಲಾಯಿತು. ಅದರೊಡನೆ ಘಾಟಿಯ ಮೇಲಿನ ಕೊಳ್ಳೇಗಾಲ, ತಾಳವಾಡಿಗಳೂ ಹೋದವು. ಮುಂದೆ ಒಂದೂವರೆ ಶತಮಾನ ಇವೆರಡೂ ಮದರಾಸಿನ ಆಡಳಿತಕ್ಕೊಳಪಟ್ಟ ಕೊಯಮತ್ತೂರು ಜಿಲ್ಲೆಯ ಕನ್ನಡ ಭಾಗಗಳಾಗಿದ್ದುವು.

1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ ಬರಲಿಲ್ಲ. ಅಂದಿನವರೆಗೆ ಒಂದೇ ಜಿಲ್ಲೆಯಲ್ಲಿದ್ದ ಕನ್ನಡ ಹಳ್ಳಿಗಳು ಬೆಳಗಾಗುವುದರೊಳಗೆ ಎರಡು ರಾಜ್ಯಗಳಿಗೆ ಸೇರಿದವು. ಊರು ಕದಲಲಿಲ್ಲ, ಗೆರೆ ಕದಲಿತು. ಮೇಲಿನ ಜಿಲ್ಲೆಯ ಹೆಸರೂ ಬದಲಾಯಿತು: 1979ರಲ್ಲಿ ಕೊಯಮತ್ತೂರನ್ನು ಒಡೆದಾಗ ತಾಳವಾಡಿ ಈಗಿನ ಈರೋಡು ಜಿಲ್ಲೆಗೆ ಸೇರಿತು. ತನ್ನದೇ ತಾಲ್ಲೂಕು ಆದದ್ದು 2016ರಲ್ಲಿ.

ಈ ಗೆರೆ ಒಂದು ಮನೆತನವನ್ನು ಹೇಗೆ ಹಾಯ್ದುಹೋಯಿತು ನೋಡಿರಿ. ನಟ ರಾಜಕುಮಾರರು 1929ರಲ್ಲಿ ಹುಟ್ಟಿದ್ದು ತಾಳವಾಡಿಗೆ ಸೇರಿದ ಗಾಜನೂರಿನಲ್ಲಿ. ಅವರ ತಂದೆ ಪುಟ್ಟಸ್ವಾಮಯ್ಯನವರ ಹೆಸರಿನೊಡನೆ ಬರುವ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು. 1956ರಲ್ಲಿ ತಂದೆಯ ಊರು ಆಚೆಗಾಯಿತು, ಮಗನ ಊರು ಈಚೆಗೆ ಉಳಿಯಿತು. 1954ರ ‘ಬೇಡರ ಕಣ್ಣಪ್ಪ’ ತಯಾರಾದಾಗ ಕನ್ನಡ ಚಿತ್ರಗಳಿಗೆ ಮದರಾಸೇ ಮನೆ. ಆಗ ಇಲ್ಲಿಗೆ ಬಂದ ರಾಜಕುಮಾರರು, ಹುಟ್ಟಿದೂರಿನ ಲೆಕ್ಕದಲ್ಲಿ, ಪರರಾಜ್ಯಕ್ಕೆ ಬಂದವರಲ್ಲ. ತಮ್ಮ ರಾಜಧಾನಿಗೇ ಬಂದವರು!

2000ದ ಜುಲೈ 30ರ ರಾತ್ರಿ ಅದೇ ಗಾಜನೂರಿನ ಮನೆಯಿಂದ ವೀರಪ್ಪನ್ ಅವರನ್ನು ಕಾಡಿಗೆ ಒಯ್ದನು. ಕರ್ನಾಟಕದ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು ಚೆನ್ನೈಗೆ ಧಾವಿಸಿದರು. ಸಂಧಾನಕ್ಕೆ ಕಾಡಿಗೆ ಹೋದವರೂ ಚೆನ್ನೈಯ ಪತ್ರಿಕೆಯ ಸಂಪಾದಕರೇ. ಬಿಡುಗಡೆಯಾದದ್ದು ನವೆಂಬರ್ 15ರಂದು. ಆ 108 ದಿನ ಈ ನಗರದ ಕನ್ನಡಿಗರು ಬಸ್ಸಿನಲ್ಲಿ ಮೆಲುದನಿಯಲ್ಲಿ ಮಾತಾಡುತ್ತಿದ್ದುದನ್ನು ನಮ್ಮಲ್ಲಿ ವಯಸ್ಸಾದವರು ಮರೆತಿಲ್ಲ. ತಾಳವಾಡಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಇದೊಂದೇ ಎಂಬುದು ನಮಗೆ ಬೇಸರ.

ಅಲ್ಲಿಯವರ ನಿಜವಾದ ಚಿಂತೆ ಬೇರೆ. ಶಾಲೆಯದು. ಅಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳುಂಟು. 2006ರ ಕಾಯಿದೆಯಂತೆ ತಮಿಳು ಒಂದನೆಯ ತರಗತಿಯಿಂದ ಕಡ್ಡಾಯವಾಯಿತು. ವರ್ಷಕ್ಕೊಂದು ಮೆಟ್ಟಿಲೇರಿ 2015-16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತರು ವಿನಾಯಿತಿಗಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ತಮಿಳು ಬೇಡವೆಂದು ನಾವು ಹೇಳೆವು. ಇಲ್ಲಿ ಅನ್ನ ತಿನ್ನುತ್ತಿರುವ ನಾವೆಲ್ಲರೂ ಅದನ್ನು ಕಲಿತೇ ಬದುಕಿದ್ದೇವೆ. ಆದರೆ ಕನ್ನಡದಲ್ಲಿ ಓದಿದ ಮಗು ತನ್ನ ಪರೀಕ್ಷೆ ಯಾವ ಭಾಷೆಯದೆಂದು ತಿಳಿಯಲು ತೀರ್ಪಿಗಾಗಿ ಕಾಯುವುದು ನ್ಯಾಯವಲ್ಲ.

ನಮ್ಮ ವಾಚನಾಲಯಕ್ಕೆ ಆ ಕಡೆಯ ತರುಣನೊಬ್ಬ ಬರುತ್ತಾನೆ. ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಬೆಂಗಳೂರಿನಲ್ಲಿ ಅವನ ಪಡಿತರ ಚೀಟಿ ನೋಡಿದವರು ತಮಿಳನೆಂದರಂತೆ. ಇಲ್ಲಿ ಅವನ ಮಾತು ಕೇಳಿದವರು, ‘ಯಾವಾಗ ಕರ್ನಾಟಕದಿಂದ ಬಂದೆ?’ ಎನ್ನುತ್ತಾರೆ. ‘ನಾನು ಎಲ್ಲಿಂದಲೂ ಬಂದಿಲ್ಲ’ ಎಂಬುದು ಅವನ ಉತ್ತರ. ಸರ್ಕಾರಿ ಅರ್ಜಿಗಳನ್ನು ತಮಿಳಿನಲ್ಲಿ ಚೊಕ್ಕವಾಗಿ ತುಂಬಿ, ಕೆಳಗೆ ಕನ್ನಡದಲ್ಲಿ ಸಹಿ ಹಾಕುತ್ತಾನೆ. ಯಾವ ಗುಮಾಸ್ತೆಯೂ ಈವರೆಗೆ ತಕರಾರು ಮಾಡಿಲ್ಲವಂತೆ.

ನೋಡಿಬರುವ ಮನಸ್ಸುಳ್ಳವರು ರಾತ್ರಿಯ ರೈಲಿನಲ್ಲಿ ಈರೋಡಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯತಕ್ಕದ್ದು. ಘಾಟಿಯನ್ನು ಹಗಲಿನಲ್ಲೇ ಹತ್ತುವುದು ಲೇಸು. ಆ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ, 2022ರಲ್ಲಿ ಉಚ್ಚ ನ್ಯಾಯಾಲಯವು ಅಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧ ಹಾಕಿತು. ದೀಪಾವಳಿಯ ಕೊನೆಗೆ ಹೋದರೆ ಗುಮಟಾಪುರದ ಗೊರೆಹಬ್ಬ ಸಿಕ್ಕುತ್ತದೆ. ಗಂಡಸರು ರಾಶಿ ಹಾಕಿದ ಸಗಣಿಯನ್ನು ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡುವ ಹಬ್ಬ. ಕಚೇರಿಯ ಬಿಳಿ ಅಂಗಿಯನ್ನು ಮನೆಯಲ್ಲೇ ಬಿಟ್ಟು ಹೋಗಿರಿ.