ಪಹಣಿಯೊಳಗೊಂದು ಕ್ಯೂ

ಡೇಟಾ ಸ್ಟ್ರಕ್ಚರ್ಸ್ ಲ್ಯಾಬಲ್ಲಿ ನಾವೆಲ್ಲ ಕ್ಯೂ ಪ್ರೋಗ್ರಾಂ ಬರೆದಿದ್ದೀವಿ. ಮೊದಲು ಬಂದಿದ್ದು ಮೊದಲು ಹೊರಗೆ, ಅಷ್ಟೇ. ವೈವಾದಲ್ಲಿ ಉದಾಹರಣೆ ಕೇಳಿದ್ರೆ ಸಿನಿಮಾ ಟಿಕೆಟ್ ಕೌಂಟರ್ ಅಂತೀವಿ. ಅದಕ್ಕಿಂತ ಒಳ್ಳೆ ಉದಾಹರಣೆ ನಮ್ಮ ತಾಲೂಕು ಕಚೇರಿಗಳಲ್ಲೇ ಇದೆ. ಅದರ ಹೆಸರು ‘ಭೂಮಿ’.

ಜಮೀನು ಇರೋ ಮನೆಯವರಿಗೆ ಪಹಣಿ ಗೊತ್ತು. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಆ ಸರ್ವೆ ನಂಬರ್ ಯಾರ ಹೆಸರಲ್ಲಿದೆ, ಎಷ್ಟು ಎಕರೆ ಗುಂಟೆ, ಏನು ಬೆಳೆ, ಯಾವ ಸಾಲ, ಎಲ್ಲಾ ಇರೋ ಹಾಳೆ. ಬೆಳೆ ಸಾಲಕ್ಕೆ ಹೋದ್ರೆ ಬ್ಯಾಂಕಿನವರು ಕೇಳೋದು ಇದನ್ನೇ. ಭೂಮಿ ಬರೋ ಮುಂಚೆ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರು ಇದನ್ನು ಕೈಯಲ್ಲಿ ಬರೆದಿಡುತ್ತಿದ್ದರು. ಪುಸ್ತಕ ಅವರ ಹತ್ತಿರಾನೇ. ಅವರು ಸಿಗಲಿಲ್ಲ ಅಂದ್ರೆ ಪಹಣಿಯೂ ಸಿಗಲ್ಲ. ಆಮೇಲೆ ಕಂದಾಯ ಇಲಾಖೆ ಮತ್ತು ಎನ್‌ಐಸಿ ಸೇರಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಕೈಗೆ ಬರ್ತಿತ್ತು.

ಆದರೆ ಪ್ರಿಂಟ್ ಕೊಡೋದು ಬರೀ ಡೇಟಾ ಓದೋ ಕೆಲಸ. ಕಷ್ಟ ಇರೋದು ಅದನ್ನು ಬದಲಾಯಿಸೋದರಲ್ಲಿ, ಅಂದ್ರೆ ಖಾತೆ ಬದಲಾವಣೆಯಲ್ಲಿ. ಅರ್ಜಿಗೆ ನಂಬರ್ ಬೀಳುತ್ತೆ, ನೋಟಿಸ್ ಹೊರಡುತ್ತೆ, ಆಕ್ಷೇಪಣೆಗೆ ಮೊದಲು 30 ದಿನ ಇತ್ತು. ತಕರಾರು ಇಲ್ಲದಿದ್ರೆ ರೆವಿನ್ಯೂ ಇನ್ಸ್‌ಪೆಕ್ಟರ್ ಆದೇಶ ಮಾಡ್ತಾರೆ. ಹಿಂದಿನ ಅರ್ಜಿ ಮುಗಿಸದೆ ಮುಂದಿನದಕ್ಕೆ ಕೈ ಹಾಕೋಕೆ ತಂತ್ರಾಂಶ ಬಿಡದ ಹಾಗೆ ಇದನ್ನು ಕಟ್ಟಿದರು. ಶಿಫಾರಸು ಅನ್ನೋದು ಪ್ರಯಾರಿಟಿ ಕ್ಯೂ ತಾನೇ? ಅದನ್ನೇ ತೆಗೆದುಹಾಕಿದ್ದು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕಿತ್ತು. ‘ಯಾರೋ ನನ್ನ ಪಾಸ್‌ವರ್ಡ್ ಹಾಕಿ ಮಾಡಿದ್ರು’ ಅನ್ನೋ ಹಾಗಿಲ್ಲ. ನನಗೆ ತುಂಬಾ ಇಷ್ಟ ಆಗಿದ್ದು ಈ ಎರಡು ನಿರ್ಧಾರ. ಇವುಗಳಲ್ಲಿ ದೊಡ್ಡ ಅಲ್ಗಾರಿದಂ ಏನೂ ಇಲ್ಲ.

ಹೋದ ವರ್ಷ ತಾತ ತೀರಿಕೊಂಡ ಮೇಲೆ ಅಪ್ಪ ಪೌತಿ ಖಾತೆಗೆ ಅರ್ಜಿ ಹಾಕಿದರು. ಸರದಿ ಸರಿಯಾಗೇ ಬಂತು. ಬಂದ ಮೇಲೆ ತಿರಸ್ಕಾರ. ಮರಣ ಪ್ರಮಾಣಪತ್ರದಲ್ಲಿ ತಾತನ ಹೆಸರಿಗೆ ‘ದ್ಧ’, ಪಹಣಿಯಲ್ಲಿ ‘ದ್ದ’. ಇಬ್ಬರೂ ಒಬ್ಬರೇ ಅಂತ ಹೇಗೆ ನಂಬೋದು ಅಂದರಂತೆ. ಹಳೇ ಪುಸ್ತಕ ನೋಡಿ ಟೈಪ್ ಮಾಡುವಾಗಲೋ ಅಥವಾ ಅದಕ್ಕೂ ಮುಂಚೆಯೋ ಒಂದು ಬಾಲ ಬಿಟ್ಟುಹೋಗಿದೆ. ಕ್ಯೂ ಎಷ್ಟೇ ಚೆನ್ನಾಗಿದ್ರೂ ಒಳಗೆ ಹೋದ ಡೇಟಾ ತಪ್ಪಾಗಿದ್ರೆ ಅದು ತಪ್ಪನ್ನೇ ಸರದಿ ಪ್ರಕಾರ ಹೊರಗೆ ಕಳಿಸುತ್ತೆ.

ಅಪ್ಪ ಮೂರು ಸಲ ಕೆಲಸ ಬಿಟ್ಟು ಹೋಗಿಬಂದರು. “ಕಂಪ್ಯೂಟರ್ ಓದ್ತಿದ್ದೀಯಲ್ಲೋ, ಒಂದು ಅಕ್ಷರ ತಿದ್ದೋಕೆ ಎಷ್ಟು ಹೊತ್ತು ಬೇಕು?” ಅಂತ ಫೋನಲ್ಲಿ ಕೇಳಿದರು. ಒಂದು ಸಾಲಿನ ಅಪ್‌ಡೇಟ್ ಕ್ವೆರಿ ಅನ್ನೋಕೆ ಬಾಯಿ ತೆರೆದೆ, ಸುಮ್ಮನಾದೆ. ಆ ಸಾಲನ್ನು ಯಾರು ಬೇಕಾದ್ರೂ ಓಡಿಸೋ ಹಾಗಿದ್ರೆ ಜಮೀನು ಇನ್ಯಾರದೋ ಹೆಸರಿಗೆ ಹೋಗೋಕೂ ಅಷ್ಟೇ ಹೊತ್ತು ಸಾಕು.

ತಿದ್ದುಪಡಿ ಅರ್ಜಿ ಈಗ ತಹಶೀಲ್ದಾರರ ಮುಂದಿದೆ. ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ, ಕೈಬರಹದ ಹಳೇ ಪಹಣಿಯ ನಕಲು ಹಿಡ್ಕೊಂಡು ಅಪ್ಪನ ಜೊತೆ ನಾನೂ ಹೋಗ್ತಿದ್ದೀನಿ.