ಕಸದ ಶುಲ್ಕ ಕಟ್ಟಿದಿರಾ? ರಶೀದಿ ಎಲ್ಲಿ?

ಬೆಂಗಳೂರಿನಲ್ಲಿ 2025ರ ಏಪ್ರಿಲ್ 1ರಿಂದ ಮನೆ ಕಸದ ಸಂಗ್ರಹಣೆ ಮತ್ತು ವಿಲೇವಾರಿಗೆ ಬಳಕೆದಾರರ ಶುಲ್ಕ ಜಾರಿಗೆ ಬಂದಿದೆ. ಅದನ್ನು ಆಸ್ತಿ ತೆರಿಗೆಯ ಜೊತೆಗೇ ಕಟ್ಟಬೇಕು. ಅಂದಿನಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಸದ ಮಾತೇ ಹೆಚ್ಚು. ಎಲ್ಲಿ ಕಟ್ಟುವುದು, ಎಷ್ಟು, ದುಡ್ಡು ಸಿಕ್ಕಿಹಾಕಿಕೊಂಡರೆ ಏನು ಮಾಡುವುದು, ಕಟ್ಟಿದರೂ ಗಾಡಿ ಬಾರದಿದ್ದರೆ ಯಾರನ್ನು ಕೇಳುವುದು ಎಂಬ ಪ್ರಶ್ನೆಗಳವು. ಹಲವರಿಗೆ ಒಮ್ಮೆಲೇ ಉಪಯೋಗವಾಗುವ ಏಳು ಪತ್ರಗಳನ್ನು ಈ ಬಾರಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಕರೆಂಟು ಬಿಲ್ಲಿನ ಹಾಗೆ ಕಸದ ಬಿಲ್ಲೂ ತಿಂಗಳಿಗೊಮ್ಮೆ ಮನೆಗೆ ಬರುತ್ತದೆಂದು ಕಾಯುತ್ತಿದ್ದೆ. ಬರಲೇ ಇಲ್ಲ. ಈ ಶುಲ್ಕ ಎಷ್ಟು? ಫೋನಿನಲ್ಲೇ ಕಟ್ಟುವುದು ಹೇಗೆ?
– ಗೃಹಿಣಿ, ಹನುಮಂತನಗರ

ಉತ್ತರ: ನಿಮ್ಮ ಮನೆಗೆ ಬೇರೆ ಬಿಲ್ಲು ಬರುವುದಿಲ್ಲ. ಲೆಕ್ಕ ತಿಂಗಳಿನದು, ಕಟ್ಟುವುದು ಆಸ್ತಿ ತೆರಿಗೆಯ ಜೊತೆ. ವಾಸದ ಮನೆಗೆ ಶುಲ್ಕವನ್ನು ಕಟ್ಟಡದ ವಿಸ್ತೀರ್ಣದ ಮೇಲೆ ನಿಗದಿ ಮಾಡಿದ್ದಾರೆ. ಜಾರಿಗೆ ಬಂದಾಗಿನ ದರ ಹೀಗಿತ್ತು: 600 ಚದರ ಅಡಿಯವರೆಗೆ ತಿಂಗಳಿಗೆ 10 ರೂಪಾಯಿ, 601ರಿಂದ 1,000ದವರೆಗೆ 50, 1,001ರಿಂದ 2,000ದವರೆಗೆ 100, 2,001ರಿಂದ 3,000ದವರೆಗೆ 150, 3,001ರಿಂದ 4,000ದವರೆಗೆ 200, ಅದಕ್ಕೂ ದೊಡ್ಡ ಮನೆಗೆ 400 ರೂಪಾಯಿ. 900 ಚದರ ಅಡಿಯ ಮನೆಗೆ ವರ್ಷಕ್ಕೆ 600 ರೂಪಾಯಿ, 1,500 ಚದರ ಅಡಿಯ ಮನೆಗೆ 1,200 ರೂಪಾಯಿ ಆಯಿತು. ದರ ಪರಿಷ್ಕರಣೆ ಆಗಬಹುದು, ಆದ್ದರಿಂದ ನೀವು ಕಟ್ಟುವ ವರ್ಷದ ಚಲನ್‌ನಲ್ಲಿ ಎಷ್ಟಿದೆ ಎಂದು ನೋಡಿಕೊಂಡೇ ಮುಂದುವರಿಯಿರಿ.

ಮೊದಲು ಕಳೆದ ವರ್ಷದ ತೆರಿಗೆ ರಶೀದಿಯನ್ನು ಎದುರಿಗಿಟ್ಟುಕೊಳ್ಳಿ. ಅದರಲ್ಲಿ ಅರ್ಜಿ ಸಂಖ್ಯೆ, ಪಿಐಡಿ ಸಂಖ್ಯೆ ಇರುತ್ತವೆ. ಆಸ್ತಿ ತೆರಿಗೆಯ ಅಧಿಕೃತ ಜಾಲತಾಣ ತೆರೆದು ಆ ಸಂಖ್ಯೆಯನ್ನೂ ಮಾಲೀಕರ ಹೆಸರಿನ ಮೊದಲ ಮೂರು ಅಕ್ಷರಗಳನ್ನೂ ಹಾಕಿ. ಅಕ್ಷರಗಳು ರಶೀದಿಯಲ್ಲಿ ಇಂಗ್ಲಿಷಿನಲ್ಲಿ ಹೇಗೆ ಅಚ್ಚಾಗಿವೆಯೋ ಹಾಗೇ ಇರಬೇಕು. ಮನೆಯ ವಿವರ ಬಂದಾಗ ವಿಳಾಸ, ವಿಸ್ತೀರ್ಣ, ವಾಸವೋ ವಾಣಿಜ್ಯವೋ ಎಂಬುದನ್ನು ಓದಿ. ಕಳೆದ ವರ್ಷಕ್ಕೂ ಈ ವರ್ಷಕ್ಕೂ ಏನೂ ಬದಲಾಗಿಲ್ಲ ಎಂದಾದರೆ ಫಾರಂ 4. ಮೇಲೊಂದು ಮಹಡಿ ಎಬ್ಬಿಸಿದ್ದರೆ, ಮುಂದಿನ ಕೋಣೆಯನ್ನು ಅಂಗಡಿಗೆ ಕೊಟ್ಟಿದ್ದರೆ ಫಾರಂ 5. ಇಡೀ ವರ್ಷದ ತೆರಿಗೆಯನ್ನು ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ತೆರಿಗೆಯಲ್ಲಿ ಶೇ 5 ರಿಯಾಯಿತಿ ಇದೆ. ಯುಪಿಐ, ಕಾರ್ಡು, ನೆಟ್ ಬ್ಯಾಂಕಿಂಗ್ ಯಾವುದರಲ್ಲಾದರೂ ಕಟ್ಟಿ. ದುಡ್ಡು ಹೋಯಿತೆಂದು ಫೋನು ಮುಚ್ಚಿಡಬೇಡಿ. ರಶೀದಿ ಇಳಿಸಿಕೊಂಡ ಮೇಲೇ ಕೆಲಸ ಮುಗಿದಂತೆ.

ಪ್ರಶ್ನೆ: ಹಣ ಕಟ್ಟುವಾಗ ಚಕ್ರ ತಿರುಗುತ್ತಲೇ ಇತ್ತು. ಆಮೇಲೆ ‘ವಿಫಲ’ ಎಂದು ಬಂತು. ಆದರೆ ಖಾತೆಯಿಂದ 6,840 ರೂಪಾಯಿ ಕಡಿತವಾಗಿದೆ. ಗಾಬರಿಯಾಗಿ ಇನ್ನೊಮ್ಮೆ ಕಟ್ಟಿದೆ, ರಶೀದಿ ಬಂತು. ಮೊದಲಿನ ದುಡ್ಡು ಏನಾಯಿತು?
– ನಿವೃತ್ತ ಶಿಕ್ಷಕಿ, ವಿಜಯನಗರ

ಉತ್ತರ: ಅಮ್ಮ, ಗಾಬರಿ ಬೇಡ. ಇಂಥ ಹಣಕ್ಕೆ ರಿಸರ್ವ್ ಬ್ಯಾಂಕಿನ ನಿಯಮವಿದೆ. ಯುಪಿಐ ಮೂಲಕ ಕಟ್ಟುವಾಗ ನಿಮ್ಮ ಖಾತೆಯಿಂದ ಹಣ ಹೋಗಿ, ಪಡೆಯುವವರ ಕಡೆ ಅದು ದೃಢವಾಗದಿದ್ದರೆ, ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ಅದು ತಾನಾಗಿ ನಿಮ್ಮ ಖಾತೆಗೆ ಮರಳಬೇಕು. ಐದು ದಿನ ಮೀರಿದರೆ ತಡವಾದ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕು. 2019ರ ಸೆಪ್ಟೆಂಬರ್‌ನಲ್ಲಿ ಹೊರಟ ಸುತ್ತೋಲೆ ಇದು. ಆನ್‌ಲೈನಿನಲ್ಲಿ ಕಾರ್ಡು ಬಳಸಿ ಕಟ್ಟಿದವರಿಗೂ ಇದೇ ಗಡುವು, ಇದೇ ಪರಿಹಾರ.

ಈಗ ನೀವು ಮೊದಲು ತೆರಿಗೆ ಜಾಲತಾಣದಲ್ಲಿ ಪಾವತಿಯ ಸ್ಥಿತಿಯನ್ನು ನೋಡಿ. ಮೊದಲಿನ ಹಣ ಪಾಲಿಕೆಗೆ ಸೇರಿಲ್ಲ ಎಂದಿದ್ದರೆ ಐದು ದಿನ ಕಾಯಿರಿ. ಅಷ್ಟರಲ್ಲಿ ಬಾರದಿದ್ದರೆ ವಹಿವಾಟಿನ ಸಂಖ್ಯೆ, ದಿನಾಂಕ, ಮೊತ್ತ ಬರೆದು ನಿಮ್ಮ ಬ್ಯಾಂಕಿಗೆ ದೂರು ಕೊಡಿ. ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಎನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. ಎರಡೂ ಪಾವತಿ ಪಾಲಿಕೆಗೆ ಸೇರಿದ್ದರೆ ದಾರಿ ಬೇರೆ. ಆಗ ನಿಮ್ಮ ವ್ಯಾಪ್ತಿಯ ಸಹಾಯಕ ಕಂದಾಯ ಅಧಿಕಾರಿಯ ಕಚೇರಿಗೆ ಎರಡೂ ದಾಖಲೆಗಳ ಪ್ರತಿಯೊಡನೆ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ಇನ್ನು ಮುಂದೆ ‘ವಿಫಲ’ ಎಂದು ಬಂದ ಕೂಡಲೇ ಮತ್ತೊಮ್ಮೆ ಕಟ್ಟಬೇಡಿ. ಮೊದಲು ಸ್ಥಿತಿ ನೋಡಿ, ಆಮೇಲೆ ಮುಂದಿನ ಹೆಜ್ಜೆ.

ಪ್ರಶ್ನೆ: ‘ನಿಮ್ಮ ಕಸದ ಶುಲ್ಕ ಬಾಕಿ ಇದೆ, ಇಂದೇ ಕಟ್ಟದಿದ್ದರೆ ನೀರಿನ ಸಂಪರ್ಕ ಕಡಿತ’ ಎಂದು ವಾಟ್ಸ್ಆ್ಯಪ್‌ಗೆ ಸಂದೇಶ ಬಂದಿದೆ. ಕೆಳಗೆ ಒಂದು ಫೈಲು ಇದೆ. ತೆರೆಯಲೇ?
– ಬೇಕರಿ ಮಾಲೀಕ, ಯಶವಂತಪುರ

ಉತ್ತರ: ತೆರೆಯಬೇಡಿ. ಇಂಥ ಎಪಿಕೆ ಫೈಲನ್ನು ಒತ್ತಿದರೆ ಅದು ಆ್ಯಪ್ ಆಗಿ ಫೋನಿನೊಳಗೆ ಕೂತು, ನಿಮಗೆ ಬರುವ ಒಟಿಪಿಗಳನ್ನು ಕದ್ದು ಓದಬಲ್ಲದು. ಹೆದರಿಸಿ, ಇವತ್ತೇ ಕಟ್ಟು ಎಂದು ಅವಸರಪಡಿಸುವುದೇ ವಂಚಕರ ಗುರುತು. ಸಂದೇಶದಲ್ಲಿ ಬಂದ ಲಿಂಕಿನಿಂದ ಯಾವ ಶುಲ್ಕವನ್ನೂ ಕಟ್ಟಬೇಡಿ. ಜಾಲತಾಣದ ವಿಳಾಸವನ್ನು ನೀವೇ ಟೈಪು ಮಾಡಿ, ಅದು ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಕೊನೆಯಾಗುತ್ತದೆಯೇ ನೋಡಿ. ಶುಲ್ಕ ವಾಪಸು ಕೊಡುತ್ತೇವೆ, ಯುಪಿಐ ಪಿನ್ ಹಾಕಿ ಎಂದು ಯಾರಾದರೂ ಹೇಳಿದರೆ ಫೋನಿಡಿ. ಪಿನ್ ಬೇಕಾಗುವುದು ದುಡ್ಡು ಕೊಡಲು. ಪಡೆಯಲು ಬೇಡ.

ಅಕಸ್ಮಾತ್ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿ ಹೋಗುವ ಮೊದಲೇ ತಡೆಯಬೇಕು. ನಾಚಿಕೆಯಿಂದ ಮುಚ್ಚಿಟ್ಟು ಮಾರನೇ ದಿನ ಹೇಳುವವರಿಗೇ ನಷ್ಟ ಹೆಚ್ಚು.

ಪ್ರಶ್ನೆ: ನಾನು ಬಾಡಿಗೆದಾರ. ಒಂದೇ ಕಟ್ಟಡದಲ್ಲಿ ಮೂರು ಸಂಸಾರ ಇದ್ದೇವೆ. ಕಸದ ಶುಲ್ಕವೆಂದು ಮಾಲೀಕರು ಪ್ರತಿ ಮನೆಯಿಂದಲೂ ತಿಂಗಳಿಗೆ 200 ರೂಪಾಯಿ ಕೇಳುತ್ತಿದ್ದಾರೆ. ಕೊಡಬೇಕೇ?
– ಗಾರ್ಮೆಂಟ್ಸ್ ನೌಕರ, ಪೀಣ್ಯ

ಉತ್ತರ: ಆಸ್ತಿ ತೆರಿಗೆಯ ಜೊತೆ ಈ ಶುಲ್ಕ ಕಟ್ಟುವವರು ಮಾಲೀಕರು. ಅದನ್ನು ಬಾಡಿಗೆದಾರರಿಂದ ಪಡೆಯಬಹುದೇ ಎಂಬುದು ನಿಮ್ಮಿಬ್ಬರ ಕರಾರಿನಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಕೊಡಬೇಕಾಗಿ ಬಂದರೂ ಕಟ್ಟಿದಷ್ಟನ್ನೇ ಹಂಚಿಕೊಳ್ಳುವುದು ನ್ಯಾಯ. ರಶೀದಿಯ ಪ್ರತಿ ತೋರಿಸಿ ಎಂದು ಸಮಾಧಾನದಿಂದಲೇ ಕೇಳಿ. ಅದರಲ್ಲಿ ಇಡೀ ಕಟ್ಟಡಕ್ಕೆ ವರ್ಷಕ್ಕೆ 1,200 ರೂಪಾಯಿ ಎಂದಿದ್ದರೆ ಮೂರು ಸಂಸಾರಕ್ಕೆ ಭಾಗಿಸಿದಾಗ ವರ್ಷಕ್ಕೆ 400, ಅಂದರೆ ತಿಂಗಳಿಗೆ 33 ರೂಪಾಯಿ ಚಿಲ್ಲರೆ. ನೀವು ಮೂವರೂ 200ರಂತೆ ಕೊಟ್ಟರೆ ವರ್ಷಕ್ಕೆ 7,200 ರೂಪಾಯಿ ಆಗುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಅವರ ಮುಂದಿಡಿ. ಮೆಟ್ಟಿಲು ಗುಡಿಸುವವರ ಸಂಬಳವೂ ಅದರಲ್ಲಿ ಸೇರಿದೆ ಎಂದು ಅವರು ಹೇಳಿದರೆ, ಆ ಲೆಕ್ಕವನ್ನೂ ಬೇರೆಯಾಗಿ ಬರೆಸಿಕೊಳ್ಳಿ.

ಪ್ರಶ್ನೆ: ನಾನು ಅಮೆರಿಕದ ಡಾಲಸ್‌ನಲ್ಲಿದ್ದೇನೆ. ಮಲ್ಲೇಶ್ವರದ ಮನೆಯಲ್ಲಿ ಅಮ್ಮ ಒಬ್ಬರೇ. ಮನೆ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲಿದೆ. ಇಲ್ಲಿಂದಲೇ ತೆರಿಗೆ, ಕಸದ ಶುಲ್ಕ ಕಟ್ಟಬಹುದೇ?
– ಸಾಫ್ಟ್‌ವೇರ್ ಎಂಜಿನಿಯರ್

ಉತ್ತರ: ಕಟ್ಟಬಹುದು. ಜಾಲತಾಣ ಕೇಳುವುದು ದಾಖಲೆಯಲ್ಲಿರುವ ಹೆಸರಿನ ಅಕ್ಷರಗಳನ್ನು. ಆದ್ದರಿಂದ ಸದ್ಯಕ್ಕೆ ನಿಮ್ಮ ತಂದೆಯವರ ಹೆಸರಿನದೇ ಹಾಕಬೇಕು. ಭಾರತದ ಬ್ಯಾಂಕಿನಲ್ಲಿರುವ ನಿಮ್ಮ ಎನ್‌ಆರ್‌ಒ ಅಥವಾ ಎನ್‌ಆರ್‌ಇ ಖಾತೆಯ ನೆಟ್ ಬ್ಯಾಂಕಿಂಗ್‌ನಿಂದ ಪಾವತಿ ಮಾಡಿ. ಆದರೆ ನೀವು ತೆರಿಗೆ ಕಟ್ಟಿದ ಮಾತ್ರಕ್ಕೆ ಮನೆ ನಿಮ್ಮ ಹೆಸರಿಗೆ ಬರುವುದಿಲ್ಲ. ರಶೀದಿ ಪಾವತಿಗೆ ಸಾಕ್ಷಿ, ಹಕ್ಕಿಗೆ ಅಲ್ಲ. ತಂದೆಯವರ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಮೂಲ ದಾಖಲೆಗಳನ್ನು ಜೋಡಿಸಿಕೊಂಡು ಖಾತಾ ವರ್ಗಾವಣೆ ಮಾಡಿಸಿ. ಮುಂದಿನ ಸಲ ಊರಿಗೆ ಬಂದಾಗ ಮೊದಲ ವಾರವೇ ಈ ಕೆಲಸ ಆಗಲಿ. ರಶೀದಿಯನ್ನು ಅಮ್ಮನಿಗೆ ಕಳುಹಿಸಿ, ಅಚ್ಚು ಹಾಕಿಸಿ ಕಡತಕ್ಕೆ ಸೇರಿಸಲು ಹೇಳಿ. ನಾಳೆ ಬಾಗಿಲಿಗೆ ಯಾರಾದರೂ ಬಂದು ಬಾಕಿ ಇದೆ ಎಂದರೆ ಅವರ ಕೈಯಲ್ಲಿ ಕಾಗದ ಇರಬೇಕು.

ಪ್ರಶ್ನೆ: ನನಗೆ 74 ವರ್ಷ. ಸ್ಮಾರ್ಟ್‌ಫೋನ್ ಇಲ್ಲ. ಪಕ್ಕದ ಮನೆಯ ಹುಡುಗ ಕಟ್ಟಿಕೊಡುತ್ತೇನೆ ಎನ್ನುತ್ತಾನೆ. ಅವನ ಕೈಗೆ ಎಟಿಎಂ ಕಾರ್ಡು ಕೊಡಬಹುದೇ?
– ಹಿರಿಯ ನಾಗರಿಕರು, ಶ್ರೀನಗರ

ಉತ್ತರ: ಹುಡುಗ ಒಳ್ಳೆಯವನೇ ಇರಬಹುದು, ಆದರೂ ಕಾರ್ಡು, ಪಿನ್ ಯಾರಿಗೂ ಬೇಡ. ಅವನು ತನ್ನ ಫೋನಿನಿಂದ ಕಟ್ಟಲಿ. ರಶೀದಿಯ ಮೇಲೆ ನಿಮ್ಮ ಮನೆಯ ಸಂಖ್ಯೆ ನೋಡಿಕೊಂಡು ಅಷ್ಟು ಹಣವನ್ನು ಅವನ ಕೈಗೆ ಕೊಡಿ. ಇಲ್ಲವಾದರೆ ಕಳೆದ ವರ್ಷದ ರಶೀದಿ ಹಿಡಿದು ಹತ್ತಿರದ ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಿ, ಅಲ್ಲಿ ಕೌಂಟರಿನಲ್ಲೇ ಕಟ್ಟಿಸಿಕೊಳ್ಳುತ್ತಾರೆ. ತಿಂಗಳ ಕೊನೆಯವರೆಗೆ ಕಾಯದೆ ಮೊದಲ ವಾರದ ಬೆಳಿಗ್ಗೆಯೇ ಹೋದರೆ ಸಾಲು ಕಡಿಮೆ.

ಪ್ರಶ್ನೆ: ಶುಲ್ಕ ಪೂರ್ತಿ ಕಟ್ಟಿದ್ದೇನೆ. ಆದರೂ ನಮ್ಮ ಅಡ್ಡರಸ್ತೆಗೆ ಕಸದ ಆಟೊ ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ಜನ ಮೂಲೆಯಲ್ಲಿ ಸುರಿಯುತ್ತಾರೆ, ನಾಯಿ, ಹಸು ಎಳೆದಾಡುತ್ತವೆ. ದುಡ್ಡು ಕೊಟ್ಟೂ ನಾವೇಕೆ ಹಸಿ ಕಸ, ಒಣ ಕಸ ಎಂದು ವಿಂಗಡಿಸಬೇಕು? ಮುಂದಿನ ವರ್ಷ ಶುಲ್ಕ ಬಿಟ್ಟು ತೆರಿಗೆ ಮಾತ್ರ ಕಟ್ಟೋಣವೆಂದಿದ್ದೇನೆ.
– ಆಟೊ ಚಾಲಕ, ಲಗ್ಗೆರೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಶುಲ್ಕ ಬಿಡುವ ದಾರಿ ಬೇಡ. ತೆರಿಗೆ, ಶುಲ್ಕ ಎರಡೂ ಒಂದೇ ಚಲನ್‌ನಲ್ಲಿ ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಬಾಕಿ ಉಳಿಸಿಕೊಂಡವರ ದೂರಿಗೆ ಬಲವಿರುವುದಿಲ್ಲ. ‘ಬಳಕೆದಾರರ ಶುಲ್ಕ’ ಎಂಬ ಹೆಸರಿನಲ್ಲೇ ಒಂದು ಮಾತು ಕೊಟ್ಟಂತಿದೆ. ತೆರಿಗೆ ಊರಿನ ಎಲ್ಲ ಖರ್ಚಿಗೆ. ಶುಲ್ಕ ನಿಮಗೆ ಸಿಗಬೇಕಾದ ಒಂದು ಸೇವೆಗೆ. ಸೇವೆ ಸಿಗದಿದ್ದಾಗ ಅದನ್ನು ಕೇಳುವುದು ಹಕ್ಕು.

ಕೇಳುವುದಕ್ಕೂ ಒಂದು ಕ್ರಮವಿದೆ. ಹದಿನೈದು ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗಾಡಿ ಬಂದ ದಿನಕ್ಕೆ ಒಂದು ಗುರುತು, ಬಾರದ ದಿನಕ್ಕೆ ಇನ್ನೊಂದು ಗುರುತು ಹಾಕಿ. ಮೂಲೆಯ ಕಸದ ಫೋಟೊ ತೆಗೆದಿಡಿ. 1533 ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಬೀದಿಯ ಹತ್ತು ಮನೆಯವರು ತಮ್ಮ ತಮ್ಮ ರಶೀದಿಯ ಪ್ರತಿ ಲಗತ್ತಿಸಿ ಒಂದೇ ಮನವಿಗೆ ಸಹಿ ಹಾಕಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಕಸದ ಕೆಲಸಕ್ಕೆಂದೇ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಕಂಪನಿ ಇದೆ. ಮನವಿಯ ಒಂದು ಪ್ರತಿ ನಿಮ್ಮ ಪಾಲಿಕೆಗೆ, ಒಂದು ಪ್ರತಿ ಈ ಕಂಪನಿಗೆ ಹೋಗಲಿ. ಎರಡಕ್ಕೂ ಸ್ವೀಕೃತಿಯ ಮೊಹರು ಹಾಕಿಸಿ.

ಇನ್ನು ವಿಂಗಡಣೆಯ ಮಾತು. ದುಡ್ಡು ಕೊಟ್ಟಿದ್ದೇವೆ, ಕಸ ಹೇಗಿದ್ದರೇನು ಎನ್ನುವ ಮೊದಲು ಅದು ಎಲ್ಲಿಗೆ ಹೋಗುತ್ತದೆ ಎಂದು ನೆನೆಯಿರಿ. ಬೆಂಗಳೂರಿನ ಬೆರಕೆ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರದಲ್ಲಿ, ಮಂಡೂರಿನಲ್ಲಿ ಸುರಿದರು. ಅಲ್ಲಿನವರ ಬಾವಿ ಕೆಟ್ಟಿತು, ನೊಣ, ದುರ್ನಾತದಿಂದ ಮನೆಯಲ್ಲಿ ಊಟಕ್ಕೆ ಕೂರಲಾಗದ ಸ್ಥಿತಿ ಬಂತು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಬೀದಿ ಬೀದಿಯಲ್ಲಿ ಕಸದ ಗುಡ್ಡೆ ಬೆಳೆಯಿತು. ಮಂಡೂರಿನವರು ರಸ್ತೆಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿಗೂ ಲಾರಿಗಳು ನಿಂತವು. ನಾವು ಕಟ್ಟುವ ಶುಲ್ಕ ಇನ್ನೊಂದು ಊರಿನ ನೀರು ಕೆಡಿಸಲು ಕೊಟ್ಟ ಪರವಾನಗಿ ಆಗಬಾರದು.

ಹಸಿ ಕಸ ಬೇರೆಯಾಗಿ ಹೋದರೆ ಗೊಬ್ಬರ ಅಥವಾ ಅನಿಲ ಆಗುತ್ತದೆ. ಒಣ ಕಸ ಬೇರೆಯಾಗಿ ಹೋದರೆ ಸಂಗ್ರಹಣಾ ಕೇಂದ್ರದಲ್ಲಿ ಅದನ್ನು ಆರಿಸುವವರಿಗೆ ಆ ದಿನದ ಕೂಲಿಯಾಗುತ್ತದೆ. ಎರಡೂ ಬೆರೆತರೆ ಯಾವುದಕ್ಕೂ ಒದಗದೆ ಕ್ವಾರಿಯ ಗುಂಡಿಗೆ ಬೀಳುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ವಿಂಗಡಿಸುವುದನ್ನೂ ಶುಲ್ಕ ಕಟ್ಟುವುದನ್ನೂ ಕಸ ಹಾಕುವವರ ಕರ್ತವ್ಯವೆಂದು ಹೇಳಿದವು. ಒಂದನ್ನು ಮಾಡಿದೆನೆಂದು ಇನ್ನೊಂದನ್ನು ಬಿಡುವಂತಿಲ್ಲ. ಮಗುವಿನ ಡೈಪರು, ಸ್ಯಾನಿಟರಿ ಪ್ಯಾಡು, ಒಡೆದ ಗಾಜನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಗುರುತು ಹಾಕಿ ಬೇರೆಯಾಗಿ ಕೊಡಿ. ಗಾಡಿಯವರು ಅದನ್ನೆಲ್ಲ ಕೈಯಲ್ಲೇ ಮುಟ್ಟುತ್ತಾರೆ.

ಓದುಗರಲ್ಲಿ ಕೊನೆಯದಾಗಿ ಒಂದು ಕೋರಿಕೆ. ಈ ಪತ್ರಿಕೆ ಮಡಚಿಡುವ ಮೊದಲು ನಿಮ್ಮ ಮನೆಯ ತೆರಿಗೆ ರಶೀದಿ ಎಲ್ಲಿದೆ ಎಂದು ಹುಡುಕಿ. ಸಿಕ್ಕರೆ ಅದರಲ್ಲಿ ಕಸದ ಶುಲ್ಕದ ಸಾಲನ್ನು ಓದಿ, ಒಂದು ಪ್ರತಿ ತೆಗೆದಿಡಿ. ಸಿಗದಿದ್ದರೆ ಇಂದೇ ಜಾಲತಾಣದಿಂದ ಇಳಿಸಿಕೊಳ್ಳಿ. ನಾಳೆ ಬೆಳಿಗ್ಗೆ ಗಾಡಿ ಬಂದಾಗ ಹಸಿ, ಒಣ ಕಸವನ್ನು ಬೇರೆ ಬೇರೆಯಾಗಿ ಕೊಡಿ. ಬಾರದಿದ್ದರೆ ಆ ರಶೀದಿಯನ್ನು ಮುಂದಿಟ್ಟುಕೊಂಡು 1533ಕ್ಕೆ ಕರೆ ಮಾಡಿ.