ಕಟ್ಟೆಯ ಕೆಳಗೆ ಕಲ್ಲು, ಬಾಗಿಲಿಗೆ ಮಾತ್ರ ಕಟ್ಟಿಗೆ

ಪ್ರಶ್ನೆ: ಬೈಲಹೊಂಗಲದಾಗ ನಮ್ಮದು ಮಾವನವರ ತಂದಿ ಕಟ್ಟಿಸಿದ ಮನಿ. ಗ್ವಾಡಿ ಕಲ್ಲು-ಮಣ್ಣಿನವು. ಈ ಸಲ ಅಡಿಗಿಮನಿ ಪೂರಾ ಹೊಸದು ಮಾಡಬೇಕಂತ ಮಾಡೇವಿ. ಬೆಳಗಾವಿ ಅಂಗಡಿಯವರು ಮಾಡ್ಯುಲರ್ ಕಿಚನ್ ಪ್ಯಾಕೇಜ್ ಹೇಳ್ಯಾರ. ಊರಿನ ಬಡಿಗ್ಯಾರು ಪ್ಲೈವುಡ್‌ನಾಗ ಇಲ್ಲೇ ಮಾಡಿಕೊಡತೇನಿ ಅಂತಾರ. ಅತ್ತಿಯವರು ಮಾತ್ರ ಕಲ್ಲಿನ ಖಾನೇನ ಇರಲಿ, ಕಟ್ಟಿಗಿ ಬ್ಯಾಡ ಅಂತ ಹಟ ಹಿಡದಾರ. ಯಾವುದು ಆರಿಸಿಕೊಳ್ಳೂಣು?
— ಓದುಗರೊಬ್ಬರು, ಬೈಲಹೊಂಗಲ

ಉತ್ತರ: ನಿಮ್ಮ ಅತ್ತೆಯವರ ಮಾತು ಮುಕ್ಕಾಲು ಪಾಲು ಸರಿ. ಕಟ್ಟೆಯ ಕೆಳಗಿನ ಖಾನೆಗಳನ್ನು ಕಲ್ಲಿನಲ್ಲೇ ಮಾಡಿಸಿ. ಬಾಗಿಲುಗಳನ್ನೂ ಒಂದೆರಡು ಟ್ರಾಲಿಗಳನ್ನೂ ಬಡಿಗ್ಯಾರಿಗೆ ಬಿಡಿ. ಬೆಳಗಾವಿಯ ಪೂರ್ತಿ ಪ್ಯಾಕೇಜ್ ಮಹಡಿಯ ಮೇಲಿನ ಫ್ಲ್ಯಾಟಿಗೆ ಹೊಂದಬಹುದು. ನೆಲದ ಮೇಲೆ ನಿಂತ, ಎರಿ ಮಣ್ಣಿನ ಊರಿನ ಹಳೆಯ ಮನೆಗೆ ಅದು ಹೊಂದುವುದು ಕಷ್ಟ.

ಕಾರಣಗಳು ಮೂರು: ಒರಲೆ, ನೀರು, ನೆಲ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಜೊತೆ ಅಡುಗೆಮನೆಯ ನೆಲವೂ ಕೂದಲೆಳೆಯಷ್ಟು ಏರಿಳಿಯುತ್ತದೆ. ಸಾಲಾಗಿ ಜೋಡಿಸಿದ ಪೆಟ್ಟಿಗೆಗಳ ಬಾಗಿಲುಗಳು ಎರಡು ವರ್ಷದಲ್ಲಿ ಒಂದಕ್ಕೊಂದು ತಾಗತೊಡಗುವುದು ಇದರಿಂದಲೇ. ಕಲ್ಲು-ಮಣ್ಣಿನ ಹಳೆಯ ಗೋಡೆಯೊಳಗಿಂದ ಒರಲೆ ಬಂದರೆ ಪೆಟ್ಟಿಗೆಯ ಹಿಂಬದಿಯನ್ನೆಲ್ಲ ತಿಂದ ಮೇಲೆಯೇ ನಿಮಗೆ ಗೊತ್ತಾಗುವುದು.

ನೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಡಿಮೆ ದರದ ಪ್ಯಾಕೇಜುಗಳಲ್ಲಿ ಪೆಟ್ಟಿಗೆಯನ್ನು ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್ ಇಲ್ಲವೆ ಎಂಡಿಎಫ್‌ನಲ್ಲಿ ಮಾಡಿರುತ್ತಾರೆ. ಕಟ್ಟಿಗೆಯ ಚೂರನ್ನೋ ನಾರನ್ನೋ ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಒಣಗಿದರೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಪ್ಲೈವುಡ್ ಇದಕ್ಕಿಂತ ಮೇಲು, ಆದರೆ ಎಲ್ಲ ಪ್ಲೈವುಡ್ ಒಂದೇ ಅಲ್ಲ. ಅಂಗಡಿಯಲ್ಲಿ ‘ಕಮರ್ಷಿಯಲ್’ ಎಂದು ಕೊಡುವ ಎಂಆರ್ ದರ್ಜೆಯದು ಗಾಳಿಯ ತೇವವನ್ನಷ್ಟೇ ತಡೆಯುತ್ತದೆ, ನಿಂತ ನೀರನ್ನಲ್ಲ. ನಿಮಗೆ ಬೇಕಾದದ್ದು ಹಾಳೆಯ ಮೇಲೆ ಐಎಸ್ 710 ಎಂದು ಮುದ್ರೆ ಇರುವ ಮರೈನ್ ಪ್ಲೈವುಡ್. ಅದರ ಅಂಟು 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಬಿಡಬಾರದು ಎಂಬುದು ಪರೀಕ್ಷೆ. ಬಿಲ್ಲಿನಲ್ಲಿ ಬರೆದ ‘ವಾಟರ್‌ಪ್ರೂಫ್’ ಎಂಬ ಪದವನ್ನು ನಂಬಬೇಡಿ. ಹಾಳೆ ಮನೆಗೆ ಬಂದಾಗ, ಕೊಯ್ಯುವ ಮುಂಚೆ, ಮುದ್ರೆಯನ್ನು ಕಣ್ಣಾರೆ ನೋಡಿ.

ಹಾಗೆಂದು ಮರೈನ್ ಪ್ಲೈ ಕೂಡ ಕಲ್ಲಾಗುವುದಿಲ್ಲ. ಪರೀಕ್ಷೆ ಅಂಟಿನದು. ಪದರಗಳು ಕಟ್ಟಿಗೆಯವೇ, ಕೊಯ್ದ ಅಂಚಿನಿಂದ ಅವು ನೀರು ಕುಡಿಯುತ್ತವೆ. ಕೆಲವು ವರ್ಷ ಹಳೆಯದಾದ ಯಾವುದಾದರೂ ಪ್ಲೈವುಡ್ ಅಡುಗೆಮನೆಗೆ ಹೋಗಿ ಸಿಂಕಿನ ಕೆಳಗಿನ ಬಾಗಿಲು ತೆಗೆದು ನೋಡಿ. ಪೈಪಿನ ಜೋಡಣೆಯಿಂದ ಹನಿ ಬಿದ್ದ ಮೂಲೆಯಲ್ಲಿ ಸನ್‌ಮೈಕಾ ಅಂಚು ಬಿಟ್ಟು ಮೇಲಕ್ಕೆದ್ದಿರುತ್ತದೆ. ಅದರ ಕೆಳಗೆ ಪ್ಲೈ ಕಪ್ಪಾಗಿ, ತೋಯ್ದ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಅರಳಿರುತ್ತದೆ. ಬೆರಳಿಂದ ಒತ್ತಿದರೆ ಒಳಗೆ ಹೋಗುತ್ತದೆ. ಮೇಲಿನ ಬಾಗಿಲುಗಳೆಲ್ಲ ಇನ್ನೂ ಹೊಸದರಂತೆ ಹೊಳೆಯುತ್ತಿರುತ್ತವೆ.

ಈಗ ಲೆಕ್ಕ. ನಿಮ್ಮ ಕಟ್ಟೆ ಹತ್ತು ಅಡಿ ಉದ್ದ, ಎರಡೆರಡು ಅಡಿಯ ಐದು ಖಾನೆ ಎಂದುಕೊಳ್ಳೋಣ. ಎಲ್ಲವನ್ನೂ ಪ್ಲೈವುಡ್‌ನಲ್ಲಿ ಮಾಡಿದರೆ ಬದಿ, ತಳ, ನಡುವಿನ ಹಲಗೆ, ಬಾಗಿಲು ಸೇರಿ ನೂರು ಚದರ ಅಡಿ ಮೀರುತ್ತದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಾಳೆ ಸುಮಾರು ನಾಲ್ಕು ಬೇಕು. ಬದಿ, ತಳ, ಹಲಗೆಗಳನ್ನು ಫರ್ಸಿಯಲ್ಲಿ ಮಾಡಿದರೆ ಕಟ್ಟಿಗೆ ಬೇಕಾಗುವುದು ಬಾಗಿಲುಗಳಿಗೆ ಮಾತ್ರ. 24 ಅಂಗುಲ ಅಗಲ, 28 ಅಂಗುಲ ಎತ್ತರದ ಐದು ಬಾಗಿಲು ಒಂದೇ ಹಾಳೆಯಲ್ಲಿ ಆಗುತ್ತವೆ, ಆರನೆಯದಕ್ಕೂ ಜಾಗ ಉಳಿಯುತ್ತದೆ. ಒಂದೇ ಹಾಳೆ ಕೊಳ್ಳುವಾಗ ಅತ್ಯುತ್ತಮವಾದದ್ದನ್ನೇ ಕೊಳ್ಳಲು ಮನಸ್ಸು ಹಿಂಜರಿಯುವುದಿಲ್ಲ. ಉಳಿದ ಹಣವನ್ನು ಒಳ್ಳೆಯ ಬಿಜಾಗರಿಗೂ ಟ್ರಾಲಿಗೂ ಹಾಕಿ.

ಖಾನೆಗೆ ಕಡಪಾ ಆಗಬಹುದು, ಶಹಾಬಾದ್ ಫರ್ಸಿಯೂ ಆಗಬಹುದು. ಆದರೆ ಕಟ್ಟೆಯ ಮೇಲ್ಭಾಗಕ್ಕೆ ಇವೆರಡೂ ಬೇಡ. ಎರಡೂ ಸುಣ್ಣದ ಕಲ್ಲುಗಳು. ನಿಂಬೆ ರಸ, ಹುಣಸೆ ಹುಳಿ ಬಿದ್ದಲ್ಲಿ ಮೈ ತಿಂದು ಬಿಳಿ ಕಲೆ ಉಳಿಯುತ್ತದೆ. ಮೇಲೆ ಗ್ರಾನೈಟ್ ಹಾಕಿಸಿ. ಕಲ್ಲಿಗೆ ಬಿಜಾಗರಿಯ ಸ್ಕ್ರೂ ಹಿಡಿಯುವುದಿಲ್ಲ ಎಂದು ಬಡಿಗ್ಯಾರು ತಕರಾರು ತೆಗೆಯಬಹುದು. ಅವರ ಮಾತು ನ್ಯಾಯವಾದದ್ದೇ. ಖಾನೆಯ ಮುಂದಿನ ಅಂಚಿಗೆ ಅಲ್ಯುಮಿನಿಯಂ ಅಥವಾ ಸಾಗವಾನಿ ಚೌಕಟ್ಟು ಕೂಡಿಸಿ ಅದಕ್ಕೆ ಬಾಗಿಲು ಹಚ್ಚಬೇಕು. ಟ್ರಾಲಿ ಬರುವ ಖಾನೆಯ ಒಳ ಅಗಲ ಮುಂದೆ, ಹಿಂದೆ, ಮೇಲೆ, ಕೆಳಗೆ ಒಂದೇ ಇರಬೇಕು. ಕಾಲಂಗುಲ ವ್ಯತ್ಯಾಸವಿದ್ದರೂ ಟ್ರಾಲಿ ಸಿಕ್ಕಿಬೀಳುತ್ತದೆ. ಇದನ್ನು ಗೌಂಡಿಗೆ ಮೊದಲ ದಿನವೇ ಹೇಳಿ, ಬಡಿಗ್ಯಾರನ್ನೂ ಅವತ್ತೇ ಕರೆಸಿ ನಿಲ್ಲಿಸಿ.

ಸವದತ್ತಿ, ರಾಮದುರ್ಗದ ಕಡೆಯ ಓದುಗರಿಗೂ ಒಂದು ಮಾತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿಯಲ್ಲಿ, ರಾಮದುರ್ಗದ ತಗ್ಗಿನ ಓಣಿಗಳಲ್ಲಿ ನೀರು ಮನೆಯೊಳಗೇ ಬಂದಿತ್ತು. ಅಂಥ ಓಣಿಗಳಲ್ಲಿ ನೆಲಕ್ಕೆ ತಾಗುವ ಕಟ್ಟಿಗೆ ಒಂದು ತುಂಡೂ ಬೇಡ. ಸ್ಕ್ರೂ ಬಿಚ್ಚದೆ ಕಳಚಬಹುದಾದ ಕ್ಲಿಪ್ ಬಿಜಾಗರಿ ಹಾಕಿಸಿ. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಡುವ ಸೂಚನೆ ಬಂದರೆ ಬಾಗಿಲುಗಳನ್ನೆಲ್ಲ ಕಳಚಿ ಮಾಳಿಗೆಗೆ ಸಾಗಿಸಬಹುದು. ಕಲ್ಲಿನ ಖಾನೆ ತೊಳೆದರೆ ಮುಗಿಯಿತು. ನೀರಿಗೆ ಕಲ್ಲು ಹೇಗೆ ಬಾಳುತ್ತದೆ ಎಂಬುದಕ್ಕೆ ಕಿತ್ತೂರು ಕೋಟೆಯನ್ನೇ ನೋಡಿ. ಒಳಗಿನ ಅರಮನೆಗೆ ಇಂದು ಮಾಳಿಗೆಯಿಲ್ಲ. ನೀರು ಮುಟ್ಟುವ ಬಚ್ಚಲು, ತೊಟ್ಟಿಗಳನ್ನು ಕಲ್ಲು-ಗಾರೆಯಲ್ಲಿ ಕಟ್ಟಿದ್ದರಿಂದ ಅವುಗಳ ಗುರುತು ಈಗಲೂ ಸಿಗುತ್ತದೆ. ಈ ಸೀಮೆಯ ಗೌಂಡಿಗಳಿಗೆ ಈ ಕೆಲಸ ಹೊಸದೇನಲ್ಲ.

ತಲೆಯ ಮೇಲಿನ ಕಪಾಟುಗಳ ವಿಷಯದಲ್ಲಿ ನಾನು ನಿಷ್ಠುರವಾಗಿಯೇ ಹೇಳುತ್ತೇನೆ: ಮಣ್ಣಿನ ಗೋಡೆಗೆ ಅವನ್ನು ನೇತುಹಾಕಬೇಡಿ. ತುಂಬಿದ ಡಬ್ಬಿಗಳ ಭಾರಕ್ಕೆ ಸ್ಕ್ರೂ ಗೋಡೆಯ ಮಣ್ಣಿನ ಸಮೇತ ಹೊರಬರುತ್ತದೆ. ಹಳೆಯ ಗೋಡೆಯಲ್ಲಿ ಮಾಡಗಳಿದ್ದರೆ ಮುಚ್ಚಿಸಬೇಡಿ. ಒಳಗೆ ಟೈಲ್ಸ್ ಹಾಕಿಸಿ, ಮುಂದೆ ಗಾಜಿನ ಬಾಗಿಲು ಹಚ್ಚಿಸಿ. ಅಷ್ಟು ಗಟ್ಟಿಯಾದ ಕಪಾಟು ಯಾವ ಅಂಗಡಿಯಲ್ಲೂ ಸಿಗದು.

ಇನ್ನು ಎತ್ತರ. ಪ್ಯಾಕೇಜಿನ ಕಟ್ಟೆ ಸಾಮಾನ್ಯವಾಗಿ 34 ಅಂಗುಲ ಇರುತ್ತದೆ. ತರಕಾರಿ ಹೆಚ್ಚಲು ಅದು ಸರಿ, ಜೋಳದ ರೊಟ್ಟಿ ಬಡಿಯಲು ಅಲ್ಲ. ರೊಟ್ಟಿ ಬಡಿಯುವ ಕೈಯನ್ನು ಗಮನಿಸಿ ನೋಡಿ. ಹಿಟ್ಟು ನಾದುವಾಗ ಅಂಗೈಯ ಬುಡದ ಮೇಲೆ ಇಡೀ ಭುಜದ ಭಾರ ಬೀಳುತ್ತದೆ. ಬಡಿಯುವಾಗ ಮೊಣಕೈ ತೆರೆದುಕೊಂಡು ಅಂಗೈ ರೊಟ್ಟಿಯನ್ನು ತಿರುಗಿಸುತ್ತ ಹೋಗುತ್ತದೆ. ಕಟ್ಟೆ ಎತ್ತರವಾದರೆ ಭುಜ ಮೇಲಕ್ಕೆ ಎತ್ತಿಕೊಳ್ಳುತ್ತದೆ, ಹತ್ತು ರೊಟ್ಟಿಯಾಗುವಷ್ಟರಲ್ಲಿ ಕತ್ತು ಹಿಡಿಯುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಹೊಸ ಕಟ್ಟೆ ಹಾಗೇ ಇದ್ದು, ರೊಟ್ಟಿ ಮಾತ್ರ ಹಿತ್ತಲಲ್ಲಿ ನೆಲದ ಮೇಲೆ ಆಗುತ್ತಿರುತ್ತದೆ. ಕಟ್ಟೆಯ ಒಂದು ತುದಿಯ ಎರಡೂವರೆ ಅಡಿಯನ್ನು 28 ಅಂಗುಲಕ್ಕೆ ಇಳಿಸಿ, ಅದರ ಕೆಳಗೆ ಖಾನೆ ಮಾಡದೆ ಕಾಲು ಚಾಚಲು ಬಿಡಿ. ನಿಂತೂ ಬಡಿಯಬಹುದು, ಸ್ಟೂಲ್ ಎಳೆದುಕೊಂಡು ಕೂತೂ ಬಡಿಯಬಹುದು. ನಿಮ್ಮ ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೋ ಅವರ ಮೊಣಕೈಯಿಂದ ಅಳತೆ ತೆಗೆಯಿರಿ.

ಇಂದಿನ ಮಾಡ್ಯುಲರ್ ಕಿಚನ್ನಿನ ಮೂಲ ಎನ್ನುವ ಫ್ರಾಂಕ್‌ಫರ್ಟ್ ಅಡುಗೆಮನೆಯಲ್ಲೂ ಕೂತು ಕೆಲಸ ಮಾಡಲು ಸ್ಟೂಲ್ ಇತ್ತು. 1926ರಲ್ಲಿ ಮಾರ್ಗರೆಟೆ ಶುಟೆ-ಲಿಹೊಟ್ಸ್‌ಕಿ ಎಂಬ ವಾಸ್ತುಶಿಲ್ಪಿ ಅದನ್ನು ರೂಪಿಸಿದರು. ಜರ್ಮನಿಯ ಆ ನಗರದ ಕಾರ್ಮಿಕರ ಮನೆಗಳಲ್ಲಿ ಅಂಥವು ಸುಮಾರು ಹತ್ತು ಸಾವಿರ ಆದವು. ಹಿಟ್ಟಿಗೆ ಹುಳ ಬೀಳಬಾರದೆಂದು ಆಕೆ ಹಿಟ್ಟಿನ ಡಬ್ಬಿಯನ್ನು ಓಕ್ ಮರದಿಂದಲೇ ಮಾಡಿಸಿದರು. ಅಲ್ಲಿನ ಗೃಹಿಣಿ ಏನು ಬೇಯಿಸುತ್ತಾಳೆ, ಎಷ್ಟು ಹೆಜ್ಜೆ ಓಡಾಡುತ್ತಾಳೆ ಎಂಬುದನ್ನು ಅಳೆದು ಮಾಡಿದ ಕೆಲಸವದು. ನಮ್ಮ ಪ್ಯಾಕೇಜುಗಳು ಅದರ ಆಕಾರವನ್ನು ತಂದವು. ಜೋಳ, ಶೇಂಗಾ, ವರ್ಷದ ಖಾರ ಇಡುವ ಮನೆಯನ್ನು ಅಳೆಯುವ ಕೆಲಸ ಮಾತ್ರ ಉಳಿದೇ ಹೋಯಿತು.

ಆ ಅಳತೆಯನ್ನು ನೀವೇ ತೆಗೆಯಬೇಕು. ಜೋಳದ ಚೀಲವನ್ನು ಟ್ರಾಲಿಯಲ್ಲಿ ಇಡಲಾಗದು. ಬೇವಿನ ಸೊಪ್ಪು ಬೆರೆಸಿದ ಕಾಳಿನ ಪೀಪಾಯಿಗೆ ಬಾಗಿಲಿಲ್ಲದ ಒಂದು ಖಾನೆ, ಕೆಳಗೆ ನಾಲ್ಕಂಗುಲ ಎತ್ತರದ ಕಲ್ಲಿನ ಪೀಠ ಸಾಕು. ಕಡಕ್ ರೊಟ್ಟಿಯ ಬುಟ್ಟಿಗೆ ಗಾಳಿಯಾಡಬೇಕು. ಆ ಖಾನೆಗೆ ಪ್ಲೈ ಬದಲು ಜಾಳಿಗೆಯ ಬಾಗಿಲು ಮಾಡಿಸಿ. ಯಲ್ಲಮ್ಮನ ಜಾತ್ರೆಗೆ ನೆಂಟರು ಬಂದಿಳಿಯುವ ಸವದತ್ತಿಯ ಮನೆಗಳಿಗೆ ದೊಡ್ಡ ಪಾತೇಲಿ, ಬೋಗುಣಿಗಳಿಗೆಂದೇ ನಡುಹಲಗೆ ಇಲ್ಲದ ಒಂದು ಖಾನೆ ಬೇಕೇ ಬೇಕು.

ಸಿಲಿಂಡರ್ ಇಡುವ ಖಾನೆಗೂ ಪೂರ್ತಿ ಮುಚ್ಚುವ ಬಾಗಿಲು ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ತುಂಬಿಕೊಳ್ಳುತ್ತದೆ. ಬಾಗಿಲಿನ ಬುಡದಲ್ಲಿ ಅಂಗೈ ಅಗಲದ ಸಂದು ಬಿಡಿಸಿ. ಸ್ಟೀಲ್ ಟ್ರಾಲಿ ಕೊಳ್ಳುವಾಗ 304 ದರ್ಜೆಯದನ್ನೇ ಕೇಳಿ. 202 ನೋಡಲು ಹಾಗೇ ಇದ್ದರೂ ಗಡಸು ನೀರಿಗೆ ಬೇಗ ತುಕ್ಕು ಹಿಡಿಯುತ್ತದೆ. ಬಾಗಿಲಿನ ನಾಲ್ಕೂ ಅಂಚಿಗೆ, ಕಣ್ಣಿಗೆ ಕಾಣದ ಕೆಳ ಅಂಚಿಗೂ, ಪಟ್ಟಿ ಹಚ್ಚಿಸಿ. ಬಡಿಗ್ಯಾರು ಹೆಚ್ಚಾಗಿ ಬಿಡುವುದು ಅದನ್ನೇ.

ಕೆಲಸದ ಕ್ರಮ ಹೀಗಿರಲಿ: ಮೊದಲು ಒರಲೆ ಔಷಧ, ಆಮೇಲೆ ಪೈಪು, ಆಮೇಲೆ ಕಲ್ಲು, ಗಿಲಾವು. ಗಿಲಾವಿನ ಹಸಿ ಆರಲು ಕನಿಷ್ಠ ಒಂದು ತಿಂಗಳು ಬಿಡಿ, ಕಿತ್ತೂರಿನ ಕಡೆ ಮಳೆ ಜಾಸ್ತಿ ಇರುವಲ್ಲಿ ಇನ್ನೂ ಹೆಚ್ಚು. ಬಾಗಿಲಿನ ಅಳತೆಯನ್ನು ಬಡಿಗ್ಯಾರು ತೆಗೆಯಬೇಕಾದದ್ದು ಅದಾದ ಮೇಲೆ. ದೀಪಾವಳಿ ಕಳೆದು ಶುರುಮಾಡಿದರೆ ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸುವ ಹೊತ್ತಿಗೆ ಅಡುಗೆಮನೆ ನಿಮ್ಮ ಕೈಗೆ ಬರುತ್ತದೆ.